ಸಲಹಾ ಮಂಡಳಿಯವರ ಪರಿಚಯ ಹೀಗಿರಲಿ

ಮಾನ್ಯ ಸಂಪಾದಕರೇ,

ಪ್ರವೇಶದ ದಿನಗಳು ಬಂದವೆಂದರೆ ಹುಬ್ಬಳ್ಳಿ-ಧಾರವಾಡದ ಕಾಲೇಜುಗಳ ಕೈಪಿಡಿಗಳಲ್ಲಿ, ಗದಗ-ಹಾವೇರಿಯ ಹೊಸ ಸಂಸ್ಥೆಗಳ ಕರಪತ್ರಗಳಲ್ಲಿ ಒಂದು ಪುಟ ತಪ್ಪದೆ ಇರುತ್ತದೆ: ‘ನಮ್ಮ ಸಲಹಾ ಮಂಡಳಿ’. ಎಂಟು-ಹತ್ತು ಭಾವಚಿತ್ರ, ಎಲ್ಲರಿಗೂ ಕೋಟು-ಟೈ, ಕೆಳಗೆ ಒಂದೊಂದು ಸಾಲು. ‘ಖ್ಯಾತ ಉದ್ಯಮಿ’, ‘ಹಿರಿಯ ವಿದ್ವಾಂಸರು’, ‘ಬಹುರಾಷ್ಟ್ರೀಯ ಕಂಪನಿಯ ನಿರ್ದೇಶಕರು’. ಮಂಡಳಿ ರಚನೆಯಾದ ಮರುದಿನ ಅದೇ ಸಾಲುಗಳು ಪತ್ರಿಕಾ ಪ್ರಕಟಣೆಯಾಗಿ ತಮ್ಮ ಕಚೇರಿಗೂ ಬರುತ್ತವೆ, ಬಹಳ ಸಲ ಬಂದ ಹಾಗೆಯೇ ಅಚ್ಚಾಗುತ್ತವೆ. ಇವರನ್ನು ಯಾವ ವಿಷಯಕ್ಕೆ ಕೇಳಬಹುದು, ಯಾವುದಕ್ಕೆ ಕೇಳಬಾರದು ಎಂಬುದು ಮಾತ್ರ ಓದಿದವರಿಗೆ ತಿಳಿಯುವುದಿಲ್ಲ. ಪರಿಚಯ ಇರುವುದೇ ಅದಕ್ಕಾಗಿ.

ಮೊದಲು ಒಂದು ಗೊಂದಲ ಬಿಡಿಸಬೇಕು. ಕಂಪನಿಯ ನಿರ್ದೇಶಕ ಮಂಡಳಿಯೇ ಬೇರೆ, ಸಲಹಾ ಮಂಡಳಿಯೇ ಬೇರೆ. ನಿರ್ದೇಶಕರಾಗುವವರಿಗೆ ಎಂಟು ಅಂಕಿಗಳ ಗುರುತಿನ ಸಂಖ್ಯೆ ಬೇಕು, ನೇಮಕವಾದ 30 ದಿನಗಳೊಳಗೆ ಕಂಪನಿ ಡಿಐಆರ್-12 ನಮೂನೆ ಸಲ್ಲಿಸಬೇಕು, 2013ರ ಕಂಪನಿ ಕಾಯ್ದೆಯ 166ನೇ ಕಲಮು ಹೊರಿಸಿರುವ ಕರ್ತವ್ಯಗಳಿಗೆ ಅವರು ಉತ್ತರ ಕೊಡಬೇಕು. ಸಲಹಾ ಮಂಡಳಿಗೆ ಆ ಕಾಯ್ದೆಯಲ್ಲಿ ವ್ಯಾಖ್ಯೆಯೇ ಇಲ್ಲ. ಸಲಹೆ ತಪ್ಪಿದರೆ ಕಾಯ್ದೆಯ ಪ್ರಕಾರ ಹೊಣೆ ನಿರ್ದೇಶಕರದು. ಒಬ್ಬರು ಒಟ್ಟು 20ಕ್ಕಿಂತ ಹೆಚ್ಚು ಕಂಪನಿಗಳಲ್ಲಿ, ಅದರೊಳಗೆ 10ಕ್ಕಿಂತ ಹೆಚ್ಚು ಪಬ್ಲಿಕ್ ಕಂಪನಿಗಳಲ್ಲಿ ನಿರ್ದೇಶಕರಾಗಿರಬಾರದು ಎಂದು 165ನೇ ಕಲಮು ಹೇಳುತ್ತದೆ. ಒಬ್ಬ ಮನುಷ್ಯನಿಗೆ ಇರುವ ಸಮಯ ಇಷ್ಟೇ ಎಂದು ಕಾನೂನು ಒಪ್ಪಿಕೊಂಡ ಲೆಕ್ಕ ಅದು. ಸಲಹೆಗಾರರಿಗೆ ಅಂಥ ಮಿತಿ ಇಲ್ಲದ್ದರಿಂದ ಒಂದೇ ಮುಖ ಹತ್ತಾರು ಕೈಪಿಡಿಗಳಲ್ಲಿ ನಗುತ್ತಿರುತ್ತದೆ.

ಕಾಲೇಜುಗಳಲ್ಲೂ ಇದೇ ಕಲಬೆರಕೆ. ಸ್ವಾಯತ್ತ ಕಾಲೇಜಿನ ಅಧ್ಯಯನ ಮಂಡಳಿಯಲ್ಲಿ ಹೊರಗಿನ ಇಬ್ಬರು ವಿಷಯತಜ್ಞರು, ಕುಲಪತಿಗಳು ನಾಮನಿರ್ದೇಶನ ಮಾಡುವ ಒಬ್ಬರು, ಉದ್ಯಮ ಕ್ಷೇತ್ರದ ಒಬ್ಬರು, ಸ್ನಾತಕೋತ್ತರ ಪದವಿ ಪಡೆದ ಹಳೆಯ ವಿದ್ಯಾರ್ಥಿ ಒಬ್ಬರು ಇರಬೇಕೆಂದು ಯುಜಿಸಿ ನಿಯಮವೇ ಹೇಳುತ್ತದೆ. ಆ ಮಂಡಳಿ ಪಠ್ಯಕ್ರಮ ರೂಪಿಸುತ್ತದೆ, ಅದರ ಮಾತಿಗೆ ತೂಕವಿದೆ. ‘ಉದ್ಯಮ ಸಲಹಾ ಮಂಡಳಿ’ಗೆ ಆ ಅಧಿಕಾರವಿಲ್ಲ. ಎರಡನ್ನೂ ಒಂದೇ ಪುಟದಲ್ಲಿ ಹಾಕಿದರೆ ಪಾಲಕರು ಎಲ್ಲರೂ ಸೇರಿ ಪಠ್ಯ ಬರೆದಿದ್ದಾರೆ ಎಂದುಕೊಳ್ಳುತ್ತಾರೆ.

ಇನ್ನು ಬಿರುದುಗಳಿಗೆ ಬರೋಣ. ಹೆಚ್ಚು ಮೋಸ ಮಾಡುವ ಪದ ‘ನಿರ್ದೇಶಕ’. ಸಾಫ್ಟ್‌ವೇರ್ ಕಂಪನಿಗಳಲ್ಲಿ ‘ಡೈರೆಕ್ಟರ್’ ಎನ್ನುವುದು ನೌಕರಿಯ ಒಂದು ಮೆಟ್ಟಿಲು. ದೊಡ್ಡ ಕಂಪನಿಯಲ್ಲಿ ಅಂಥವರು ನೂರಾರು ಜನ ಇರಬಹುದು. ಕನ್ನಡದಲ್ಲಿ ‘ಕಂಪನಿಯ ನಿರ್ದೇಶಕರು’ ಎಂದು ಬರೆದೊಡನೆ ಅವರು ಕಂಪನಿಯನ್ನೇ ನಡೆಸುವವರಾಗಿಬಿಡುತ್ತಾರೆ. ಇದನ್ನು ಪರೀಕ್ಷಿಸುವುದು ಸುಲಭ. ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಕಂಪನಿಯ ಹೆಸರು ಕೊಟ್ಟರೆ ನಿರ್ದೇಶಕರು ಯಾರು, ಯಾವ ದಿನ ನೇಮಕವಾದರು ಎಂಬುದು ಶುಲ್ಕವಿಲ್ಲದೆ ಸಿಗುತ್ತದೆ. ಆ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಅವರು ಬಹುತೇಕ ನೌಕರರು. ಅದರಲ್ಲಿ ಅವಮಾನವೇನೂ ಇಲ್ಲ, ಹುದ್ದೆಯ ಜತೆ ವಿಭಾಗದ ಹೆಸರನ್ನೂ ಬರೆದರಾಯಿತು.

ಅದೇ ದಾಖಲೆಯಲ್ಲಿ ಕಂಪನಿಯ 21 ಅಕ್ಷರಾಂಕಗಳ ಗುರುತಿನ ಸಂಖ್ಯೆ ಇರುತ್ತದೆ. ಓದಲು ಬಂದರೆ ಅದೊಂದು ಪುಟ್ಟ ಜಾತಕ. ಮೊದಲ ಅಕ್ಷರ ಎಲ್ ಇದ್ದರೆ ಷೇರುಪೇಟೆಯಲ್ಲಿ ನೋಂದಾಯಿತ, ಯು ಇದ್ದರೆ ಅಲ್ಲ. ಮುಂದಿನ ಐದು ಅಂಕಿ ಉದ್ಯಮದ ಬಗೆ, ಆಮೇಲೆ ಎರಡಕ್ಷರ ರಾಜ್ಯ, ನಾಲ್ಕು ಅಂಕಿ ನೋಂದಣಿಯಾದ ವರ್ಷ, ಮೂರು ಅಕ್ಷರ ಖಾಸಗಿಯೋ ಪಬ್ಲಿಕ್ಕೋ ಎಂಬುದು, ಕೊನೆಯ ಆರು ಅಂಕಿ ನೋಂದಣಿ ಸಂಖ್ಯೆ. ‘ಮೂವತ್ತು ವರ್ಷಗಳಿಂದ ಕಂಪನಿ ನಡೆಸುತ್ತಿರುವ’ ಎಂಬ ಮಾತು ನಿಜವೋ ಎಂಬುದಕ್ಕೆ ನಡುವಿನ ನಾಲ್ಕು ಅಂಕಿ ನೋಡಿದರೆ ಒಂದು ಅಂದಾಜು ಸಿಗುತ್ತದೆ.

ಆದರೆ ಅವಸರದ ತೀರ್ಪು ಬೇಡ. ಹುಬ್ಬಳ್ಳಿಯ ಬಹಳಷ್ಟು ಮನೆತನದ ವ್ಯಾಪಾರಗಳು ದಶಕಗಟ್ಟಲೆ ಪಾಲುದಾರಿಕೆಯಲ್ಲೋ ಒಬ್ಬರ ಹೆಸರಿನಲ್ಲೋ ನಡೆದು ಆಮೇಲೆ ಕಂಪನಿಯಾದವು. ಅಂಥ ಕಡೆ ನೋಂದಣಿ ವರ್ಷ ಈಚಿನದೇ ಇರುತ್ತದೆ. ಕಂಪನಿ ಆಗದೆಯೇ ಉಳಿದ ಅಂಗಡಿ, ಕಾರ್ಖಾನೆಗಳಿಗೆ ಜಿಎಸ್‌ಟಿ ಸಂಖ್ಯೆ ನೋಡಬಹುದು. ಅದರ 15 ಅಕ್ಷರಾಂಕಗಳಲ್ಲಿ ಮೊದಲ ಎರಡು ರಾಜ್ಯದ್ದು, ಕರ್ನಾಟಕಕ್ಕೆ 29. ಮುಂದಿನ ಹತ್ತು ಪ್ಯಾನ್. ನೋಂದಣಿ ದಿನಾಂಕ 2017ರ ಜುಲೈ 1 ಎಂದು ಕಂಡರೆ ವ್ಯಾಪಾರ ಅಂದೇ ಹುಟ್ಟಿತು ಎಂದು ತಿಳಿಯಬೇಡಿ, ಜಿಎಸ್‌ಟಿ ಜಾರಿಗೆ ಬಂದದ್ದೇ ಆ ದಿನ. ಹಳೆಯ ವ್ಯಾಪಾರಗಳು ಹಿಂದಿನ ತೆರಿಗೆ ವ್ಯವಸ್ಥೆಯಿಂದ ಅಂದು ಇತ್ತ ಬಂದವು.

ವಿದ್ವಾಂಸರ ಕಡೆ ‘ಡಾ.’ ಎಂಬ ಒಂದೇ ಗುರುತು ವೈದ್ಯರಿಗೂ ಪಿಎಚ್‌ಡಿ ಪಡೆದವರಿಗೂ ಗೌರವ ಡಾಕ್ಟರೇಟ್ ಪಡೆದವರಿಗೂ ನಡೆಯುತ್ತದೆ. ಗೌರವ ಡಾಕ್ಟರೇಟ್ ಸಮಾಜಸೇವೆಗೋ ಸಾಧನೆಗೋ ಸಂದ ಮನ್ನಣೆ. ಸಂಶೋಧನೆಗೆ ಮಾರ್ಗದರ್ಶನ ಮಾಡಬಲ್ಲರು ಎಂಬುದಕ್ಕೆ ಅದು ಸಾಕ್ಷಿಯಾಗದು. ಆದ್ದರಿಂದ ಪಿಎಚ್‌ಡಿ ಇದ್ದವರ ವಿಷಯ, ವಿಶ್ವವಿದ್ಯಾಲಯ, ವರ್ಷ ಮೂರನ್ನೂ ಬರೆಯಬೇಕು. ಭಾರತದ ಪ್ರಬಂಧವಾದರೆ ಇನ್‌ಫ್ಲಿಬ್‌ನೆಟ್ ನಡೆಸುವ ಪ್ರಬಂಧಗಳ ಜಾಲಭಂಡಾರ ‘ಶೋಧಗಂಗಾ’ದಲ್ಲಿ ಹುಡುಕಬಹುದು. ಅಲ್ಲಿ ಸಿಗದಿದ್ದ ಮಾತ್ರಕ್ಕೆ ಪದವಿ ಸುಳ್ಳಲ್ಲ: ಹಳೆಯ ಪ್ರಬಂಧಗಳೆಲ್ಲ ಅಲ್ಲಿಗೆ ಏರಿಲ್ಲ, ವಿದೇಶದವು ಅಲ್ಲಿ ಇರುವುದೇ ಇಲ್ಲ. ಲೇಖನಗಳ ಎಣಿಕೆಯಲ್ಲಿ ನಮ್ಮ ಭಾಗಕ್ಕೇ ವಿಶೇಷವಾದ ತೊಡಕೊಂದಿದೆ. ಪಾಟೀಲ, ಹಿರೇಮಠ, ಕುಲಕರ್ಣಿ, ದೇಸಾಯಿ ಎಂಬ ಅಡ್ಡಹೆಸರುಗಳ ಮುಂದೆ ಒಂದೇ ಇನಿಷಿಯಲ್ ಇರುವವರು ಎಷ್ಟು ಜನ! ಕಂಪ್ಯೂಟರು ಎಲ್ಲರ ಲೇಖನಗಳನ್ನೂ ಒಬ್ಬರ ಖಾತೆಗೆ ಹಾಕಿ, ಉಲ್ಲೇಖದ ಸಂಖ್ಯೆ ಗಗನಕ್ಕೇರುತ್ತದೆ. ಸಂಶೋಧಕರಿಗೆ ಒಬ್ಬೊಬ್ಬರಿಗೇ ಸಿಗುವ 16 ಅಂಕಿಗಳ ಆರ್ಕಿಡ್ ಗುರುತಿನ ಸಂಖ್ಯೆ ಕೇಳಿ ಪಡೆದರೆ ಈ ಕಲಬೆರಕೆ ಬಹುಮಟ್ಟಿಗೆ ತಪ್ಪುತ್ತದೆ.

ಪೇಟೆಂಟಿನ ಮಾತಂತೂ ಹೇಳಲೇಬೇಕು. ‘ಐದು ಪೇಟೆಂಟ್ ಪಡೆದವರು’ ಎಂದು ಬರೆದಿರುತ್ತದೆ, ಒಳಗೆ ನೋಡಿದರೆ ಐದೂ ‘ಪ್ರಕಟವಾದ’ ಅರ್ಜಿಗಳು. ಅರ್ಜಿ ಸಲ್ಲಿಸಿದ 18 ತಿಂಗಳಿಗೆ ಅದು ತಾನಾಗಿಯೇ ಪೇಟೆಂಟ್ ಪತ್ರಿಕೆಯಲ್ಲಿ ಪ್ರಕಟವಾಗುತ್ತದೆ; ಅವಸರವಿದ್ದರೆ ನಮೂನೆ 9 ಸಲ್ಲಿಸಿ ಬೇಗ ಪ್ರಕಟಿಸಿಕೊಳ್ಳಬಹುದು. ಆಗ ಯಾರೂ ಅದರ ಹೊಸತನವನ್ನು ಪರೀಕ್ಷಿಸಿರುವುದಿಲ್ಲ. ನಮೂನೆ 18ರಲ್ಲಿ ಕೋರಿದ ಮೇಲೆ ಪರೀಕ್ಷೆ, ಆಕ್ಷೇಪ, ಉತ್ತರ ಎಲ್ಲ ಮುಗಿದು ಮಂಜೂರಾದರೆ ಮಾತ್ರ ಪೇಟೆಂಟ್. ಕೆಲವರು ವಸ್ತುವಿನ ಹೊರಗಿನ ಆಕಾರಕ್ಕೆ ಮಾಡಿಸಿದ ಡಿಸೈನ್ ನೋಂದಣಿಯನ್ನೂ ಪೇಟೆಂಟಿನ ಲೆಕ್ಕಕ್ಕೆ ಸೇರಿಸುತ್ತಾರೆ. ಪರಿಚಯದಲ್ಲಿ ‘ಮಂಜೂರಾದದ್ದು ಇಷ್ಟು, ಅರ್ಜಿ ಇಷ್ಟು’ ಎಂದು ಬೇರೆ ಬೇರೆ ಬರೆಯಲಿ.

ಒಂದು ಅತಿಥಿ ಉಪನ್ಯಾಸ ಕೊಟ್ಟವರು ‘ಸಂದರ್ಶಕ ಪ್ರಾಧ್ಯಾಪಕ’ ಆಗುವುದೂ ಉಂಟು. ಯುಜಿಸಿ 2022ರಲ್ಲಿ ಹೇಳಿದ ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಹುದ್ದೆಯೇ ಬೇರೆ: ತಮ್ಮ ವೃತ್ತಿಯಲ್ಲಿ ಕನಿಷ್ಠ 15 ವರ್ಷಗಳ ಅನುಭವ, ಮಂಜೂರಾದ ಹುದ್ದೆಗಳ ಶೇ 10ರ ಮಿತಿ, ಮೂರು ವರ್ಷ, ವಿಶೇಷ ಸಂದರ್ಭದಲ್ಲಿ ಇನ್ನೊಂದು. ಆ ಹೆಸರು ಬಳಸಿದರೆ ಅವಧಿಯನ್ನೂ ಹಾಕಬೇಕು.

ಇಷ್ಟೆಲ್ಲ ಸರಿಯಿದ್ದರೂ ಮುಖ್ಯ ಪ್ರಶ್ನೆ ಉಳಿಯುತ್ತದೆ: ನಮ್ಮ ಕೆಲಸಕ್ಕೆ ಇವರ ಅನುಭವ ಹೊಂದುತ್ತದೆಯೇ? ಬ್ಯಾಡಗಿ ಮೆಣಸಿನಕಾಯಿ ಸಂಸ್ಕರಣೆಗೆ ಸಲಹಾ ಮಂಡಳಿ ಮಾಡಿ ಅದರಲ್ಲಿ ಮೂವರು ನಿವೃತ್ತ ಸಾಫ್ಟ್‌ವೇರ್ ಉಪಾಧ್ಯಕ್ಷರನ್ನು ಕೂರಿಸಿದರೆ ಲೆಕ್ಕಪತ್ರದ ತಂತ್ರಾಂಶ ಚೆನ್ನಾಗಿ ಬರಬಹುದು. ಆದರೆ ಮೆಣಸಿನಕಾಯಿಯ ಬಣ್ಣವನ್ನು ಆಸ್ಟಾ ಮಾನದಲ್ಲಿ ಅಳೆಯುವುದು ಹೇಗೆ, ಶೀತಲಗೃಹಕ್ಕೆ ಹೋಗುವ ಮೊದಲು ತೇವಾಂಶ ಎಷ್ಟಕ್ಕೆ ಇಳಿಯಬೇಕು, ಯುರೋಪಿಗೆ ಹೋಗುವ ಸರಕಿನಲ್ಲಿ ಬೂಷ್ಟಿನಿಂದ ಬರುವ ವಿಷವಾದ ಅಫ್ಲಾಟಾಕ್ಸಿನ್ ಬಿ1 ಕಿಲೋಗೆ 5 ಮೈಕ್ರೋಗ್ರಾಂ, ಒಟ್ಟು ಅಫ್ಲಾಟಾಕ್ಸಿನ್ 10 ಮೈಕ್ರೋಗ್ರಾಂ ಮೀರಬಾರದು ಎಂಬ ಮಿತಿಯನ್ನು ಕಣದಲ್ಲಿ ಹೇಗೆ ಸಾಧಿಸುವುದು? ಇವಕ್ಕೆ ಉತ್ತರಿಸಲು ಮಸಾಲೆ ರಫ್ತಿನ ಗುಣಮಟ್ಟ ವಿಭಾಗದಲ್ಲಿ ಇದ್ದವರು ಬೇಕು, ಧಾರವಾಡ ಕೃಷಿ ವಿಶ್ವವಿದ್ಯಾಲಯದಲ್ಲಿ ಆ ಬೆಳೆಯ ಮೇಲೆ ಕೆಲಸ ಮಾಡಿದವರು ಬೇಕು, ಮಾರುಕಟ್ಟೆಯಲ್ಲಿ ಟೆಂಡರ್ ಕೂಗಿದ ಒಬ್ಬ ದಲಾಲರೂ ಬೇಕು. ಮೂರನೆಯವರ ಹೆಸರು ಕೈಪಿಡಿಯಲ್ಲಿ ಕಾಣುವುದೇ ಇಲ್ಲ, ಅವರ ಹತ್ತಿರ ಕೋಟು ಇಲ್ಲವೇನೋ.

ಹುಬ್ಬಳ್ಳಿ ಕೈಗಾರಿಕಾ ವಾಲ್ವ್ ತಯಾರಿಕೆಗೆ ಹೆಸರಾದ ಊರು. ಇಲ್ಲಿನ ಮೆಕ್ಯಾನಿಕಲ್ ವಿಭಾಗಕ್ಕೆ, ವಾಲ್ವಿನ ಕವಚಕ್ಕೆ ನಿಗದಿತ ಒತ್ತಡದ ಒಂದೂವರೆ ಪಟ್ಟು ನೀರಿನ ಒತ್ತಡ, ಒಳಗೆ ಹರಿವನ್ನು ಮುಚ್ಚುವ ಸೀಟಿಗೆ 1.1 ಪಟ್ಟು ಹಾಕಿ ಪರೀಕ್ಷಿಸುವ ಮೇಜಿನ ಮುಂದೆ ನಿಂತ ಎಂಜಿನಿಯರ್ ಒಬ್ಬರಿದ್ದರೆ, ಪ್ರಯೋಗಾಲಯಕ್ಕೆ ಯಾವ ಪಂಪು ಕೊಳ್ಳಬೇಕು ಎಂಬುದರಿಂದ ಹಿಡಿದು ವಿದ್ಯಾರ್ಥಿಗಳಿಗೆ ಯಾವ ಡ್ರಾಯಿಂಗ್ ಓದಿಸಬೇಕು ಎಂಬವರೆಗೆ ಹೇಳುತ್ತಾರೆ.

ಸಾರ್ವಜನಿಕವಾಗಿ ಎಲ್ಲರಿಗೂ ಗೊತ್ತಿರುವ ಎರಡು ವೃತ್ತಿಜೀವನಗಳನ್ನು ಈ ಕಣ್ಣಿನಿಂದ ಓದಿ ನೋಡಿ. ಗುರುರಾಜ ದೇಶಪಾಂಡೆ: ಮದ್ರಾಸ್ ಐಐಟಿಯಲ್ಲಿ ಎಂಜಿನಿಯರಿಂಗ್, ಕೆನಡಾದ ಕ್ವೀನ್ಸ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ, 1990ರಲ್ಲಿ ಕ್ಯಾಸ್ಕೇಡ್ ಕಮ್ಯುನಿಕೇಷನ್ಸ್ ಸಹಸಂಸ್ಥಾಪಕ, 1997ರಲ್ಲಿ ಆ ಕಂಪನಿ ಮಾರಾಟ, 1998ರಲ್ಲಿ ಸೈಕಮೋರ್ ನೆಟ್‌ವರ್ಕ್ಸ್, 2002ರಲ್ಲಿ ಎಂಐಟಿಯಲ್ಲಿ ಸಂಶೋಧನೆಯನ್ನು ಮಾರುಕಟ್ಟೆಗೆ ಒಯ್ಯುವ ಕೇಂದ್ರ. ಇದನ್ನು ಓದಿದವರಿಗೆ ಜಾಲ ಉಪಕರಣ, ಬಂಡವಾಳ ಎತ್ತುವುದು, ಕಂಪನಿ ಕಟ್ಟಿ ಮಾರುವುದು ಇವರ ಬಲ ಎಂದು ತಿಳಿಯುತ್ತದೆ. ವಿಜಯ ಸಂಕೇಶ್ವರ: ಮುದ್ರಣದ ಮನೆತನ, 1976ರಲ್ಲಿ ಗದಗದಲ್ಲಿ ಒಂದು ಲಾರಿಯಿಂದ ಸಾಗಣೆ, ಆಮೇಲೆ ಲೋಕಸಭೆ, ಪತ್ರಿಕೋದ್ಯಮ. ಎಲ್ಲವೂ ಬೇರೆ ಬೇರೆ ಕಸುಬು. ಸಾಗಣೆಯ ಪ್ರಶ್ನೆಗೆ ಲಾರಿಯ ಅನುಭವ, ರಾಜಕೀಯದ ಪ್ರಶ್ನೆಗೆ ಲೋಕಸಭೆಯದು. ಇಬ್ಬರನ್ನೂ ‘ಖ್ಯಾತ ಉದ್ಯಮಿ’ ಎಂಬ ಎರಡು ಪದಗಳಲ್ಲಿ ಮುಗಿಸಿದರೆ ಈ ವ್ಯತ್ಯಾಸವೆಲ್ಲ ಅಳಿಸಿಹೋಗುತ್ತದೆ.

ಯಾರೂ ಬರೆಯದ ಸಾಲೊಂದಿದೆ, ಹಿತಾಸಕ್ತಿಯದು. ಸಂಸ್ಥೆಗೆ ಯಂತ್ರ ಮಾರುವವರೇ ಯಂತ್ರ ಖರೀದಿಗೆ ಸಲಹೆಗಾರರು. ಕಟ್ಟಡದ ಮಾಲೀಕರೇ ಸ್ಥಳಾಂತರದ ಬಗ್ಗೆ ಸಲಹೆಗಾರರು. ಸ್ಟಾರ್ಟಪ್ ಆಯ್ಕೆಗೆ ಕೂರುವವರೇ ಅದೇ ಸ್ಟಾರ್ಟಪ್ಪಿನ ಹೂಡಿಕೆದಾರರು. 1905ರಲ್ಲಿ ಕಣಗಿನಹಾಳದಲ್ಲಿ ಕೃಷಿ ಸಹಕಾರಿ ಸಂಘ ಕಟ್ಟಿದ ಗದಗ ಜಿಲ್ಲೆಯವರಿಗೆ, ಸಾಲ ಪಡೆದವನು ಸಾಲದ ನಿಯಮ ಬರೆಯಬಾರದು ಎಂದು ಹೊಸದಾಗಿ ಹೇಳಿಕೊಡಬೇಕಿಲ್ಲ. ಅಳತೆಗೋಲು ಬೇಕಾದರೆ ಸ್ವತಂತ್ರ ನಿರ್ದೇಶಕರಿಗೆ ಕಂಪನಿ ಕಾಯ್ದೆಯ 149ನೇ ಕಲಮಿನ ಆರನೇ ಉಪಕಲಮು ಇಟ್ಟಿರುವ ಷರತ್ತುಗಳನ್ನೇ ಎರವಲು ಪಡೆಯಬಹುದು: ಹಿಂದಿನ ಎರಡು ಹಣಕಾಸು ವರ್ಷ ಹಾಗೂ ಈ ವರ್ಷದ ಹಣದ ವ್ಯವಹಾರ, ಹಿಂದಿನ ಮೂರು ವರ್ಷಗಳ ನೌಕರಿ, ಹತ್ತಿರದ ನೆಂಟರ ಸಂಬಂಧ. ಸಂಬಂಧ ಇದ್ದವರನ್ನು ಬಿಡಬೇಕೆಂದಿಲ್ಲ. ಅದನ್ನು ಬರೆಯಲಿ, ಆ ವಿಷಯ ಬಂದಾಗ ಅವರು ಸಭೆಯಿಂದ ಹೊರಗೆ ಕೂರಲಿ.

ಸ್ಟಾರ್ಟಪ್‌ಗಳು ಮಾಡುವ ಇನ್ನೊಂದು ತಪ್ಪು: ಸಲಹೆಗಾರರಿಗೆ ‘ಇಸಾಪ್ ಕೊಡುತ್ತೇವೆ’ ಎಂದು ಪತ್ರ ಬರೆದುಕೊಡುವುದು. ಇಸಾಪ್ ಎಂದರೆ ನೌಕರರ ಷೇರು ಆಯ್ಕೆ, ಅದು ಇರುವುದು ನೌಕರರಿಗೆ ಮತ್ತು ಸ್ವತಂತ್ರರಲ್ಲದ ನಿರ್ದೇಶಕರಿಗೆ. ಹೊರಗಿನ ಸಲಹೆಗಾರರು ಆ ಸಾಲಿನಲ್ಲಿ ಬರುವುದಿಲ್ಲ. ಅದೇ ಕಾಯ್ದೆಯ 54ನೇ ಕಲಮಿನ ಸ್ವೆಟ್ ಈಕ್ವಿಟಿಯೂ (ದುಡಿಮೆ, ಜ್ಞಾನಗಳಿಗೆ ಪ್ರತಿಯಾಗಿ ಕೊಡುವ ಷೇರು) ನಿರ್ದೇಶಕರಿಗೆ, ನೌಕರರಿಗೆ ಮಾತ್ರ. ಮುಂದೆ ಹೂಡಿಕೆದಾರರ ಕಡೆಯ ವಕೀಲರು ಕಾಗದಪತ್ರ ಶೋಧಿಸುವಾಗ ಈ ಪತ್ರ ಹೊರಬಿದ್ದು ಒಪ್ಪಂದ ತಿಂಗಳುಗಟ್ಟಲೆ ನಿಲ್ಲುತ್ತದೆ. ಶುಲ್ಕ ಕೊಡುವುದಾದರೆ ಶುಲ್ಕ ಎಂದೇ ಬರೆದು ತೆರಿಗೆ ಕಡಿತ ಮಾಡಿ ಕೊಡುವುದು ನೇರ ದಾರಿ.

ಹಾಗಾದರೆ ಪರಿಚಯ ಎಷ್ಟುದ್ದ ಇರಬೇಕು? ಅರವತ್ತು ಪದ ಧಾರಾಳ. ಈಗಿನ ಹುದ್ದೆ ಅಥವಾ ‘ಮಾಜಿ’ ಎಂಬ ಪದ ಬಿಡದೆ ಹಿಂದಿನ ಹುದ್ದೆ, ಎಲ್ಲಿಂದ ಎಲ್ಲಿಯವರೆಗೆ ಎಂಬ ವರ್ಷಗಳು; ಅಲ್ಲಿ ಸ್ವತಃ ಹೊತ್ತ ಜವಾಬ್ದಾರಿ, ಎಷ್ಟು ಜನರ ತಂಡ, ಯಾವ ಉತ್ಪನ್ನ ಅಥವಾ ವಿಷಯ; ನಮ್ಮಲ್ಲಿ ಯಾವ ಪ್ರಶ್ನೆಗೆ ಸಲಹೆ; ಸಂಸ್ಥೆಯೊಂದಿಗೆ ಹಣದ ಸಂಬಂಧ ಇದೆಯೋ ಇಲ್ಲವೋ; ಮಂಡಳಿಯಲ್ಲಿ ಅವಧಿ ಎಂದು ಮುಗಿಯುತ್ತದೆ. ‘ಅಪಾರ ಅನುಭವ’, ‘ಬಹುಮುಖ ಪ್ರತಿಭೆ’ಗಳನ್ನು ಸನ್ಮಾನಪತ್ರಕ್ಕೆ ಎತ್ತಿಟ್ಟರೆ ಜಾಗವೂ ಉಳಿಯುತ್ತದೆ. ತಮ್ಮ ಪತ್ರಿಕೆಗೂ ಒಂದು ಕೋರಿಕೆ: ಮಂಡಳಿ ರಚನೆಯ ಪ್ರಕಟಣೆ ಬಂದಾಗ ಕನಿಷ್ಠ ವರ್ಷಗಳನ್ನೂ ಅವಧಿಯನ್ನೂ ಕೇಳಿ ಪಡೆದು ಅಚ್ಚು ಹಾಕಿ.

ಸದಸ್ಯರ ಸಹಿ ಇರುವ ಒಪ್ಪಿಗೆಪತ್ರ ಕೈಸೇರುವ ಮೊದಲು ಯಾರ ಫೋಟೊವನ್ನೂ ಹಾಕಬಾರದು. ಫೋನಿನಲ್ಲಿ ‘ನೋಡೋಣ’ ಎಂದವರನ್ನು ಮರುದಿನವೇ ಸದಸ್ಯರನ್ನಾಗಿ ಮಾಡಿ, ಆಮೇಲೆ ಅವರು ಕೆಲಸ ಮಾಡುವ ಕಂಪನಿಯ ಕಾನೂನು ವಿಭಾಗದಿಂದ ಪತ್ರ ಬಂದಾಗ ಪುಟ ಕೀಳುವ ಪ್ರಸಂಗ ಬರುತ್ತದೆ. ಎಷ್ಟೋ ಕಂಪನಿಗಳಲ್ಲಿ ನೌಕರರು ಹೊರಗಿನ ಮಂಡಳಿ ಸೇರಲು ಮೊದಲೇ ಲಿಖಿತ ಅನುಮತಿ ಪಡೆದಿರಬೇಕು, ಅದರ ಪ್ರತಿಯನ್ನೂ ಕಡತದಲ್ಲಿಡಿ. ಪ್ರತಿ ವರ್ಷ ಜೂನ್‌ನಲ್ಲಿ, ಕೈಪಿಡಿ ಮುದ್ರಣಕ್ಕೆ ಹೋಗುವ ಮುನ್ನ, ಎಲ್ಲರಿಗೂ ಅವರವರ ಪರಿಚಯ ಕಳಿಸಿ ತಿದ್ದಿಸಿಕೊಳ್ಳಬೇಕು. ಎರಡು ಸಭೆಗೂ ಬಾರದವರ, ಹುದ್ದೆ ಬಿಟ್ಟವರ, ತೀರಿಕೊಂಡವರ ಹೆಸರು ತೆಗೆಯಬೇಕು. ಪುಟದ ಕೆಳಗೆ ಪರಿಷ್ಕರಿಸಿದ ದಿನಾಂಕ ಇರಲಿ.

– ಕಂಪನಿ ಕಾನೂನು ಮತ್ತು ಕಾಲೇಜು ಆಡಳಿತದ ಕೆಲಸದಲ್ಲಿರುವ ಕೆಲವು ಓದುಗರು,
ವಿದ್ಯಾನಗರ, ಹುಬ್ಬಳ್ಳಿ