ಬ್ಯಾಂಕ್ ಖಾತೆ ಬದಲಾವಣೆಗೆ ಹೊಸ ನಿಯಮ: ಖರೀದಿದಾರರಿಗೂ ಬೆಳೆಗಾರ ಸದಸ್ಯರಿಗೂ ಪತ್ರ

ತರಕಾರಿ ಬೆಳೆಗಾರರ ಮಾರಾಟ ಸಹಕಾರ ಸಂಘದ ಕಚೇರಿ, ಕೋಲಾರ

ಮಾನ್ಯ ಖರೀದಿದಾರರೇ, ಬೆಳೆಗಾರ ಸದಸ್ಯರೇ,

ಮುಂದಿನ ತಿಂಗಳ 1ನೇ ತಾರೀಖಿನಿಂದ ಸಂಘದ ಹಣಕಾಸು ವ್ಯವಹಾರದಲ್ಲಿ ಒಂದು ಬದಲಾವಣೆ ಜಾರಿಗೆ ಬರುತ್ತಿದೆ. ಸಂಘದ ಬ್ಯಾಂಕ್ ಖಾತೆಯಾಗಲಿ, ಸದಸ್ಯರ ಖಾತೆಯಾಗಲಿ ಬದಲಾಗಿದೆ ಎಂಬ ಸಂದೇಶವನ್ನು ಇನ್ನು ಮುಂದೆ ಫೋನ್, ವಾಟ್ಸ್‌ಆ್ಯಪ್, ಎಸ್ಸೆಮ್ಮೆಸ್ ಅಥವಾ ಇಮೇಲ್ ಮೂಲಕ ನಾವು ಕಳಿಸುವುದೂ ಇಲ್ಲ, ಸ್ವೀಕರಿಸುವುದೂ ಇಲ್ಲ. ಆಡಳಿತ ಮಂಡಳಿ ಈ ತೀರ್ಮಾನಕ್ಕೆ ಬಂದ ಕಾರಣವನ್ನೂ, ಇದರಿಂದ ತಮಗೆ ಆಗಬಹುದಾದ ತೊಂದರೆಯನ್ನೂ ಮುಚ್ಚುಮರೆಯಿಲ್ಲದೆ ತಿಳಿಸುವುದು ಈ ಪತ್ರದ ಉದ್ದೇಶ.

ಕಳೆದ ಹಂಗಾಮಿನಲ್ಲಿ ನಮ್ಮಿಂದ ಟೊಮೆಟೊ ತರಿಸಿಕೊಳ್ಳುವ ಹೊರರಾಜ್ಯದ ಖರೀದಿದಾರರೊಬ್ಬರಿಗೆ ಸಂಘದ ಹೆಸರಿನಲ್ಲಿ ಒಂದು ಇಮೇಲ್ ತಲುಪಿತ್ತು. ಲೆಟರ್‌ಹೆಡ್ ನಮ್ಮದೇ, ಮೊಹರು ನಮ್ಮದೇ, ಕೆಳಗಿದ್ದ ಸಹಿಯೂ ಹಳೆಯ ಬಿಲ್ಲೊಂದರಿಂದ ಕತ್ತರಿಸಿ ಅಂಟಿಸಿದ್ದು. ಲೆಕ್ಕಪರಿಶೋಧನೆ ನಡೆಯುತ್ತಿರುವುದರಿಂದ ಹಳೆಯ ಖಾತೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಲಾಗಿದೆ, ಈ ಲೋಡಿನ ಹಣವನ್ನು ಹೊಸ ಖಾತೆಗೆ ಹಾಕಿರಿ ಎಂದು ಅದರಲ್ಲಿ ಬರೆದಿತ್ತು. ಕಳಿಸಿದವರ ವಿಳಾಸವನ್ನು ದಿಟ್ಟಿಸಿ ನೋಡಿದರೆ ಮಾತ್ರ ಒಂದು ವ್ಯತ್ಯಾಸ ಕಾಣುತ್ತಿತ್ತು: ಇಂಗ್ಲಿಷಿನ ‘ಎಂ’ ಇರಬೇಕಾದ ಜಾಗದಲ್ಲಿ ‘ಆರ್’ ಮತ್ತು ‘ಎನ್’ ಅಕ್ಷರಗಳನ್ನು ಒತ್ತೊತ್ತಾಗಿ ಕೂರಿಸಲಾಗಿತ್ತು. ಮೊಬೈಲ್ ಪರದೆಯ ಮೇಲೆ ಎರಡಕ್ಕೂ ಭೇದ ತಿಳಿಯುವುದಿಲ್ಲ. ಹೊಸ ಖಾತೆಯ ಶಾಖೆ ಕೋಲಾರಕ್ಕೆ ಸಂಬಂಧವೇ ಇಲ್ಲದ ಊರಿನಲ್ಲಿದ್ದುದನ್ನು ಗಮನಿಸಿ ಆ ಖರೀದಿದಾರರು ಕಚೇರಿಗೆ ಫೋನ್ ಮಾಡಿದ್ದರಿಂದ ಹಣ ಉಳಿಯಿತು.

ಇಂಥ ವಂಚನೆಗೆ ದೊಡ್ಡ ತಾಂತ್ರಿಕ ಪಾಂಡಿತ್ಯ ಬೇಕಾಗಿಲ್ಲ. ಯಾರು ಯಾರಿಗೆ, ಯಾವಾಗ, ಎಷ್ಟು ಹಣ ಕೊಡಬೇಕಾಗಿದೆ ಎಂಬ ಮೂರು ಸಂಗತಿ ಗೊತ್ತಾದರೆ ಸಾಕು. ಅವನ್ನು ತಿಳಿಯಲು ಕಳ್ಳರು ಸಾಮಾನ್ಯವಾಗಿ ಹಣ ಕೊಡುವವರು, ಪಡೆಯುವವರು ಇಬ್ಬರಲ್ಲಿ ಒಬ್ಬರ ಇಮೇಲ್‌ಗೆ ನುಗ್ಗಿ, ಬಂದ ಪತ್ರಗಳೆಲ್ಲದರ ಪ್ರತಿ ತಮಗೂ ಬರುವಂತೆ ಸೆಟ್ಟಿಂಗ್ ಬದಲಿಸಿ, ವಾರಗಟ್ಟಲೆ ಸದ್ದಿಲ್ಲದೆ ಓದುತ್ತಾ ಕೂರುತ್ತಾರೆ. ಪಾಸ್‌ವರ್ಡ್ ಬದಲಿಸಿದ ಮೇಲೂ ಆ ಸೆಟ್ಟಿಂಗ್ ಹಾಗೆಯೇ ಉಳಿದಿರಬಹುದಾದ್ದರಿಂದ, ತಮ್ಮ ಇಮೇಲ್‌ನಲ್ಲಿ ಅಂಥ ಫಾರ್ವರ್ಡ್ ವಿಳಾಸ ಏನಾದರೂ ಇದೆಯೇ ಎಂದು ಒಮ್ಮೆ ನೋಡಿಕೊಳ್ಳಬೇಕೆಂದು ಕೋರುತ್ತೇವೆ. ಇನ್ನು, ಟೊಮೆಟೊ ವ್ಯಾಪಾರ ಕಳ್ಳರಿಗೆ ಏಕೆ ಹಿಡಿಸುತ್ತದೆ ಎಂಬುದಕ್ಕೆ ಲೆಕ್ಕ ಬೇಕಾದರೆ 2023ರ ಜುಲೈ ತಿಂಗಳನ್ನು ನೆನೆಯಬಹುದು. ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋ ಬಾಕ್ಸಿನ ಬೆಲೆ ಎರಡು ಸಾವಿರ ರೂಪಾಯಿ ದಾಟಿದ್ದ ಆ ದಿನಗಳಲ್ಲಿ 600 ಬಾಕ್ಸಿನ ಒಂದು ಲೋಡಿಗೆ 12 ಲಕ್ಷ ರೂಪಾಯಿಗೂ ಹೆಚ್ಚು ಬೆಲೆಯಿತ್ತು, ಅದೂ ಮಾಲು ಕೊಳೆಯುವ ಮುಂಚೆ ಎಲ್ಲವೂ ಮುಗಿಯಬೇಕೆಂಬ ಅವಸರದಲ್ಲಿ. ಅವಸರವಿದ್ದ ಕಡೆ ಮರುಪರಿಶೀಲನೆ ಕಡಿಮೆ.

ಒಮ್ಮೆ ಕಳಿಸಿದ ಹಣವನ್ನು ಹಿಂದಕ್ಕೆ ಪಡೆಯುವುದು ಈಗ ಮೊದಲಿಗಿಂತ ಕಷ್ಟ. ದೊಡ್ಡ ಮೊತ್ತವನ್ನು ಬ್ಯಾಂಕಿನಿಂದ ಬ್ಯಾಂಕಿಗೆ ಕೂಡಲೇ ಕಳಿಸುವ ಆರ್‌ಟಿಜಿಎಸ್ ವ್ಯವಸ್ಥೆ 2020ರ ಡಿಸೆಂಬರ್ 14ರಿಂದ ದಿನದ 24 ಗಂಟೆಯೂ ನಡೆಯುತ್ತಿದೆ. ವ್ಯಾಪಾರಕ್ಕೆ ಇದು ದೊಡ್ಡ ಅನುಕೂಲವೇ, ಆದರೆ ರಾತ್ರಿ ಕಳಿಸಿದ ಹಣ ಬೆಳಗಾಗುವುದರೊಳಗೆ ಹತ್ತಾರು ಬಾಡಿಗೆ ಖಾತೆಗಳಿಗೆ (ಕಳ್ಳರು ಬೇರೆಯವರಿಂದ ಪಡೆದು ಬಳಸುವ ಖಾತೆಗಳಿಗೆ) ಹಂಚಿಹೋಗಿರುತ್ತದೆ. ವರ್ಷಗಳ ಕಾಲ ಇಂಥ ವ್ಯವಸ್ಥೆಗಳಲ್ಲಿ ಖಾತೆ ಸಂಖ್ಯೆ ಮತ್ತು ಐಎಫ್‌ಎಸ್‌ಸಿ (ಬ್ಯಾಂಕ್ ಶಾಖೆಯ ಸಂಕೇತ) ಸರಿಯಿದ್ದರೆ ಹಣ ಜಮೆಯಾಗುತ್ತಿತ್ತು, ನಾವು ಬರೆದ ಹೆಸರು ಏನೇ ಇರಲಿ. ಹಣ ಕಳಿಸುವ ಮುನ್ನ ಖಾತೆದಾರರ ಹೆಸರು ಕಾಣುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಆರ್‌ಟಿಜಿಎಸ್ ಮತ್ತು ಹಣ ಕಳಿಸುವ ಇನ್ನೊಂದು ವ್ಯವಸ್ಥೆಯಾದ ನೆಫ್ಟ್ ಎರಡರಲ್ಲೂ ಒದಗಿಸಬೇಕೆಂದು ರಿಸರ್ವ್ ಬ್ಯಾಂಕ್ ಸೂಚಿಸಿತು. ದಯವಿಟ್ಟು ಆ ಹೆಸರನ್ನು ಓದಿ. ಅಲ್ಲಿ ಸಂಘದ ಪೂರ್ಣ ಹೆಸರು ಬಾರದೆ ವ್ಯಕ್ತಿಯೊಬ್ಬರ ಹೆಸರು ಬಂದರೆ, ಅದು ನಮ್ಮ ಕಾರ್ಯದರ್ಶಿಯವರ ಹೆಸರೇ ಆಗಿದ್ದರೂ, ಹಣ ಹಾಕಬೇಡಿ.

ಖರೀದಿದಾರರು ಪಾಲಿಸಬೇಕಾದದ್ದು ಇಷ್ಟೇ. ಸಂಘಕ್ಕೆ ಹಣ ಪಡೆಯಲು ಒಂದೇ ಖಾತೆಯಿದೆ. ಅದರ ವಿವರ ಬಿಲ್ಲಿನ ಹಿಂಬದಿಯಲ್ಲಿಯೂ ಕಚೇರಿಯ ಫಲಕದಲ್ಲಿಯೂ ಅಚ್ಚಾಗಿದೆ. ಮುಂದೆ ಎಂದಾದರೂ ಅದು ಬದಲಾಗುವುದಾದರೆ ಕನಿಷ್ಠ 15 ದಿನ ಮುಂಚಿತವಾಗಿ ಸ್ಪೀಡ್ ಪೋಸ್ಟ್‌ನಲ್ಲಿ ಪತ್ರ ಬರುತ್ತದೆ, ಅದು ತಲುಪಿದ ಮೇಲೆ ತಾವು ಹಳೆಯ ಬಿಲ್ಲಿನಲ್ಲಿರುವ ದೂರವಾಣಿ ಸಂಖ್ಯೆಗೆ ಕರೆ ಮಾಡಿ ಖಚಿತಪಡಿಸಿಕೊಳ್ಳಬೇಕು. ತಮಗೆ ಬಂದ ಕರೆಯಲ್ಲೇ ಖಚಿತಪಡಿಸಿಕೊಂಡರೆ ಸಾಲದು. ಪರಿಚಿತರ ಧ್ವನಿಯನ್ನು ನಕಲು ಮಾಡುವ ತಂತ್ರಾಂಶಗಳು ಈಗ ಯಾರ ಕೈಗೂ ಎಟುಕುತ್ತವೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕ್ಯೂಆರ್ ಕೋಡ್ ಹಾಕುವ ರೂಢಿಯನ್ನೂ ನಿಲ್ಲಿಸುತ್ತಿದ್ದೇವೆ. ದರಪಟ್ಟಿ ಎಂದೋ ಬಿಲ್ಲು ಎಂದೋ ಹೆಸರು ಹೊತ್ತ ಎಪಿಕೆ ಫೈಲು (ಫೋನಿನಲ್ಲಿ ಆ್ಯಪ್ ಸ್ಥಾಪಿಸುವ ಫೈಲು) ನಮ್ಮ ಹೆಸರಿನಲ್ಲಿ ಬಂದರೆ ತೆರೆಯಬಾರದು; ಅಂಥವನ್ನು ಫೋನಿಗೆ ಇಳಿಸಿಕೊಂಡರೆ ಒಟಿಪಿ ಸಂದೇಶಗಳು ಕಳ್ಳರ ಕೈ ಸೇರುತ್ತವೆ.

ಸದಸ್ಯರ ವಿಷಯದಲ್ಲಿ ನಿಯಮ ಇನ್ನೂ ಬಿಗಿ. ಖಾತೆ ಬದಲಿಸಬೇಕಾದವರು ಪಾಸ್‌ಬುಕ್ಕಿನ ಅಸಲು ಪ್ರತಿಯೊಂದಿಗೆ ಕಚೇರಿಗೆ ಬಂದು ನಮೂನೆಗೆ ಸಹಿ ಅಥವಾ ಹೆಬ್ಬೆಟ್ಟು ಹಾಕಬೇಕು. ಮರುದಿನ ನಮ್ಮ ಸದಸ್ಯರ ವಹಿಯಲ್ಲಿರುವ ಹಳೆಯ ಸಂಖ್ಯೆಗೆ ನಾವು ಕರೆ ಮಾಡುತ್ತೇವೆ, ಹೊಸ ಖಾತೆಗೆ ಒಂದು ರೂಪಾಯಿ ಕಳಿಸುತ್ತೇವೆ, ಅದು ಸೇರಿತೆಂದು ತಾವು ಹೇಳಿದ ಬಳಿಕವಷ್ಟೇ ಬಾಕಿ ಬಟವಾಡೆ. ಇದರಿಂದ ಒಂದು ದಿನ ತಡವಾಗುತ್ತದೆ, ನಿಜ. ಕೂಲಿಯವರಿಗೆ ಅಂದೇ ಹಣ ಕೊಡಬೇಕಾದವರಿಗೆ ಒಂದು ದಿನವೆಂದರೆ ಎಷ್ಟು ಕಷ್ಟವೆಂದು ಮಂಡಳಿಗೆ ಗೊತ್ತಿದೆ. ಅದಕ್ಕಾಗಿಯೇ ಹಳೆಯ ಖಾತೆಯನ್ನು ಉಳಿಸಿಕೊಂಡವರ ಬಟವಾಡೆಗೆ ಈ ಯಾವ ವಿಳಂಬವೂ ಅನ್ವಯಿಸುವುದಿಲ್ಲ. ‘ಇಪ್ಪತ್ತು ವರ್ಷದಿಂದ ಮುಖ ನೋಡುತ್ತಿದ್ದೀರಿ, ಈಗ ಪಾಸ್‌ಬುಕ್ ಕೇಳುತ್ತೀರಾ?’ ಎಂದು ಹಿರಿಯ ಸದಸ್ಯರು ಕೆಲವರು ಬೇಸರಪಟ್ಟಿದ್ದಾರೆ. ಅವರ ಬೇಸರ ಅರ್ಥವಾಗುತ್ತದೆ, ಆದರೆ ವಿನಾಯಿತಿ ಒಬ್ಬರಿಗೆ ಕೊಟ್ಟರೆ ಆ ಒಬ್ಬರ ಹೆಸರಿನಲ್ಲೇ ಮುಂದಿನ ಸುಳ್ಳು ಸಂದೇಶ ಬರುತ್ತದೆ.

ಕಚೇರಿಯೊಳಗೂ ಕೆಲಸದ ಕ್ರಮ ಬದಲಾಗಿದೆ. ಯಾವುದೇ ಪಾವತಿಯನ್ನು ಒಬ್ಬರೇ ಮಾಡುವಂತಿಲ್ಲ: ಗುಮಾಸ್ತರು ವಿವರ ತುಂಬಿದರೆ, ಕಾರ್ಯದರ್ಶಿ ಬೇರೆ ಲಾಗಿನ್‌ನಿಂದ ಒಪ್ಪಿಗೆ ಕೊಡಬೇಕು. ಬ್ಯಾಂಕ್ ವ್ಯವಹಾರದ ಕಂಪ್ಯೂಟರಿನಲ್ಲಿ ಇಮೇಲ್ ತೆರೆಯುವುದನ್ನೂ ಪೆನ್‌ಡ್ರೈವ್ ಹಾಕುವುದನ್ನೂ ನಿಷೇಧಿಸಲಾಗಿದೆ. ಇಮೇಲ್‌ಗೆ ಎರಡು ಹಂತದ ದೃಢೀಕರಣ, ಅಂದರೆ ಪಾಸ್‌ವರ್ಡ್ ಜೊತೆಗೆ ಇನ್ನೊಂದು ಖಚಿತಪಡಿಕೆ, ಬಂದಿದೆ. ರಜೆಯ ಹಿಂದಿನ ಸಂಜೆ ಮತ್ತು ಎರಡನೇ ಶನಿವಾರ ಹೊಸ ಖಾತೆಗೆ ಮೊದಲ ಪಾವತಿ ಮಾಡುವುದಿಲ್ಲ. ಇದು ಅತಿಯಾಯಿತು ಎನ್ನುವವರಿಗೆ ಪುಣೆಯ ಕಾಸ್ಮಾಸ್ ಸಹಕಾರಿ ಬ್ಯಾಂಕಿನ ಪ್ರಕರಣವನ್ನು ನೆನಪಿಸಬೇಕಾಗುತ್ತದೆ: ಅಲ್ಲಿಂದ ಸುಮಾರು 94 ಕೋಟಿ ರೂಪಾಯಿ ದೋಚಿದ ದಾಳಿ ಆರಂಭವಾದದ್ದು 2018ರ ಆಗಸ್ಟ್ 11ರಂದು, ಎರಡನೇ ಶನಿವಾರ.

ಲೆಕ್ಕಪತ್ರಗಳನ್ನು ಗೂಢಲಿಪಿಯಲ್ಲಿ ಬೀಗ ಹಾಕಿ ಹಣ ಕೇಳುವ ರಾನ್ಸಮ್‌ವೇರ್ ಇನ್ನೊಂದು ಭಯ. 2024ರ ಜುಲೈ ಕೊನೆಯಲ್ಲಿ ಬ್ಯಾಂಕುಗಳಿಗೆ ತಂತ್ರಜ್ಞಾನ ಸೇವೆ ಕೊಡುವ ಸಿ-ಎಡ್ಜ್ ಸಂಸ್ಥೆಯ ಮೇಲೆ ಅಂಥ ದಾಳಿಯಾದಾಗ, ಸುಮಾರು 300 ಸಣ್ಣ ಬ್ಯಾಂಕುಗಳ ಪಾವತಿ ಸೇವೆ ತಾತ್ಕಾಲಿಕವಾಗಿ ನಿಂತಿತ್ತು. ಸಣ್ಣವರನ್ನು ಯಾರು ಮುಟ್ಟುತ್ತಾರೆ ಎಂಬ ಸಮಾಧಾನಕ್ಕೆ ಅಂದಿನಿಂದ ಆಧಾರವಿಲ್ಲ. ಸಂಘದ ಲೆಕ್ಕದ ಪ್ರತಿ ಈಗ ಎರಡು ಹಾರ್ಡ್ ಡಿಸ್ಕ್‌ಗಳಲ್ಲಿದೆ. ಪ್ರತಿ ತೆಗೆದ ತಕ್ಷಣ ಅವನ್ನು ಕಂಪ್ಯೂಟರಿನಿಂದ ಬಿಡಿಸಿಡಲಾಗುತ್ತದೆ, ಒಂದನ್ನು ಬೇರೆ ಕಟ್ಟಡದ ಬೀರುವಿನಲ್ಲಿಡಲಾಗುತ್ತದೆ. ಜೋಡಿಸಿಯೇ ಇಟ್ಟ ಡಿಸ್ಕ್‌ಗೂ ಬೀಗ ಬೀಳುತ್ತದೆ.

ಇಷ್ಟಾದರೂ ಯಾರಾದರೂ ಸುಳ್ಳು ಖಾತೆಗೆ ಹಣ ಹಾಕಿಬಿಟ್ಟರೆ, ಸಂಘಕ್ಕೆ ಹೇಳುವ ಮೊದಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು, ಅನಂತರ ತಮ್ಮ ಬ್ಯಾಂಕಿಗೆ. ಕೋಲಾರದಲ್ಲಿ ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳನ್ನು ನೋಡಿಕೊಳ್ಳುವ ಸಿಇಎನ್ ಪೊಲೀಸ್ ಠಾಣೆಯೂ ಇದೆ. ಹಣ ಮುಂದಿನ ಖಾತೆಗೆ ಜಾರುವ ಮುನ್ನ ತಡೆಹಿಡಿಯಲು ನಿಮಿಷಗಳೇ ಮುಖ್ಯ. ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರಿಗೆ ಹೊಣೆಯಿಲ್ಲ ಎಂಬ 2017ರ ರಿಸರ್ವ್ ಬ್ಯಾಂಕ್ ನಿಯಮವನ್ನು ಕೆಲವರು ನಂಬಿಕೊಂಡಿದ್ದಾರೆ. ಅದು ಗ್ರಾಹಕರ ತಪ್ಪಿಲ್ಲದೆ, ಅವರ ಅರಿವಿಲ್ಲದೆ ಮೂರನೆಯವರು ನಡೆಸಿದ ವ್ಯವಹಾರಕ್ಕೆ ಸಂಬಂಧಿಸಿದ್ದು. ತಾವೇ ಒಪ್ಪಿ ಕಳಿಸಿದ ಹಣಕ್ಕೆ ಅದನ್ನು ಅನ್ವಯಿಸಿಕೊಳ್ಳುವುದು ಕಷ್ಟ.

ಈ ಪತ್ರದೊಂದಿಗಿರುವ ನಮೂನೆಯಲ್ಲಿ ತಮ್ಮ ಕರೆ ಸಂಖ್ಯೆಯನ್ನೂ, ಪರ್ಯಾಯವಾಗಿ ಇನ್ನೊಬ್ಬರ ಸಂಖ್ಯೆಯನ್ನೂ ಬರೆದು ಇದೇ ತಿಂಗಳ 25ರೊಳಗೆ ಕಚೇರಿಗೆ ತಲುಪಿಸಬೇಕು. ಮುಳಬಾಗಿಲು, ಶ್ರೀನಿವಾಸಪುರ ಕಡೆಯ ಸದಸ್ಯರು ಮಾಲು ತಂದ ದಿನವೇ ಕೊಟ್ಟರೆ ಸಾಕು, ಇದಕ್ಕೆಂದು ಬೇರೆ ದಿನ ಬರಬೇಕಿಲ್ಲ. ಹೊರರಾಜ್ಯದ ಖರೀದಿದಾರರು ಲಾರಿ ಚಾಲಕರ ಕೈಯಲ್ಲಿ ಲಕೋಟೆ ಮುಚ್ಚಿ ಕಳಿಸಬಹುದು.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ
(ಆಡಳಿತ ಮಂಡಳಿಯ ಪರವಾಗಿ)