ಒಂದು ಬಲ್ಬಿನ ಮನೆ

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮನೆ ಸುದ್ದಿಯೆಲ್ಲ ನಿಮ್ಮಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ಬಿಡು. ನಿನ್ನ ಪತ್ರದ ಒಂದು ಸಾಲು ಎರಡು ದಿನದಿಂದ ಕೊರೆಯುತ್ತಿದೆ. ತಲೆಗೆ ವರ್ಷಕ್ಕೆ 1000 ಯೂನಿಟ್ ಕರೆಂಟು ಅಂತ ಗುರಿ ಇಟ್ಟರೆ, ಎಲ್ಲ ದೊಡ್ಡ ಬಳಕೆಯವರಿಗೇ ಹೋಗಿ, ಆಫ್ರಿಕಾದಲ್ಲಿ ಇನ್ನೂ ಕತ್ತಲಲ್ಲಿರುವ 60 ಕೋಟಿ ಜನಕ್ಕೆ ಒಂದು ಬಲ್ಬೂ ಸಿಗದೆ ಹೋದೀತಾ ಅಂತ ಕೇಳಿದ್ದೀಯ.

ಹೋದರೂ ಹೋದೀತು. ಸುಮ್ನೆ ಧೈರ್ಯ ಹೇಳಲಾರೆ.

ಆದರೆ ಸಣ್ಣ ಗುರಿಯ ಕಥೆ ನನಗೆ ಗೊತ್ತು. ಬಡವರ ಮನೆಗೆ ಕರೆಂಟು ಕೊಡೋ ನಮ್ಮ ಸರ್ಕಾರದ ಭಾಗ್ಯಜ್ಯೋತಿ ಯೋಜನೆ ಕಾಲದಲ್ಲಿ ಕಂಬ ಹತ್ತಿದ ಲೈನ್‌ಮನ್ ನಾನು. ಮನೆಗೊಂದು 40 ವಾಟ್ ಬಲ್ಬು, ತಿಂಗಳಿಗೆ 18 ಯೂನಿಟ್. ವರ್ಷಕ್ಕೆ 216 ಆಯಿತು. ಹಳ್ಳಿ ಮನೆಗೆ ಶುರುವಿಗೆ ಇಷ್ಟು ಸಾಕು ಅಂತ ಅಂತರರಾಷ್ಟ್ರೀಯ ಇಂಧನ ಸಂಸ್ಥೆ ಹಿಂದೆ ಇಟ್ಟುಕೊಂಡಿದ್ದ ಲೆಕ್ಕ ವರ್ಷಕ್ಕೆ 250, ಅದೂ ಐದು ಜನರ ಇಡೀ ಮನೆಗೆ. ಹೆಚ್ಚುಕಮ್ಮಿ ನಮ್ಮ ಅದೇ ಬಲ್ಬು!

ಒಂದು ಬೇಸಿಗೆಯಲ್ಲಿ ಒಂದು ಬಾಣಂತಿ ಮನೆಗೆ ಹೋಗಿದ್ದೆ. ಬಲ್ಬು ಬಿಚ್ಚಿ, ಅದೇ ಹೋಲ್ಡರಿನಿಂದ ವೈರೆಳೆದು ಹಳೇ ಟೇಬಲ್ ಫ್ಯಾನ್ ಹಾಕಿಕೊಂಡಿದ್ದಳು. ಮಗು ಚಾಪೆ ಮೇಲೆ ಮಲಗಿತ್ತು. ಒಂದೇ ಬಲ್ಬು ಅಂತ ರೂಲ್ಸ್ ಹೇಳಿ ವೈರು ಕಿತ್ತೆ. ಅವಳು ಜಗಳಕ್ಕೆ ಬರಲಿಲ್ಲ. ಫ್ಯಾನಿನ ರೆಕ್ಕೆ ನಿಲ್ಲುವ ಮೊದಲೇ ಮೊರ ತಗೊಂಡು ಗಾಳಿ ಬೀಸೋಕೆ ಕೂತಳು.

ರಿಜಿಸ್ಟರಿನಲ್ಲಿ ಆ ಮನೆಗೆ ಕರೆಂಟು ಬಂದಾಗಿತ್ತು. ಬರೆದವನೂ ನಾನೇ.

ಅದಕ್ಕೇ 1000 ನನಗೆ ಜಾಸ್ತಿ ಅನ್ನಿಸುವುದಿಲ್ಲ. ಅದರಲ್ಲಿ ಮನೆಗೆ 300, ಹೊರಗೆ 700 ಅಂತ ನೀನೇ ಬರೆದಿದ್ದೀಯ. ಆ 700 ಅಂದರೆ ಹಿಟ್ಟಿನ ಗಿರಣಿ, ವೆಲ್ಡಿಂಗ್ ಅಂಗಡಿ, ಆಸ್ಪತ್ರೆಯಲ್ಲಿ ಲಸಿಕೆ ಇಡುವ ಫ್ರಿಜ್. ಬಿಲ್ಲು ಕಟ್ಟುವ ದುಡ್ಡು ಹುಟ್ಟುವುದೂ ಅಲ್ಲೇ, ಅಲ್ವಾ?

ಆದರೂ ನಿನ್ನ ಹೆದರಿಕೆ ಸುಳ್ಳಲ್ಲ. ನಮ್ಮೂರಲ್ಲಿ ಪಂಪ್‌ಸೆಟ್ಟಿಗೆ ಲೈನು ಮೊದಲು ಬಂತು. ಕೇರಿಗೆ ಹೋಗಿದ್ದು ಎಷ್ಟೋ ವರ್ಷ ಆದಮೇಲೆ. ಆಗ ನಾನು ಯಾಕೆ ಅಂತ ಕೇಳಲಿಲ್ಲ.

ತಪ್ಪಿದ್ದರೆ ಬಿಟ್ಟುಬಿಡು, ನನಗೆ ತೋಚಿದ್ದು ಇಷ್ಟು. ಸರಾಸರಿ ಒಂದನ್ನೇ ನಂಬಬೇಡ. ಒಂದು ಫ್ಯಾಕ್ಟರಿ ಬಂದರೆ ಇಡೀ ತಾಲ್ಲೂಕಿನ ಸರಾಸರಿ ಏರುತ್ತದೆ. ಸೊನ್ನೆ ಯೂನಿಟ್ಟಿನ ಮನೆಗಳಿಗೆ ಬೇರೆ ಕಾಲಂ ಹಾಕಿಸು. ಇನ್ನೊಂದು, ವೈರು ಎಳೆಸುವಾಗಲೇ ದಪ್ಪದ್ದು ಎಳೆಸಲಿ. ಆಮೇಲೆ ಬದಲಾಯಿಸೋಕೆ ಯಾರೂ ಬರುವುದಿಲ್ಲ. ಲೈನ್‌ಮನ್ ಮಾತು ನಿಮ್ಮ ಆಫೀಸಿನವರಿಗೆ ರುಚಿಸುತ್ತೋ ಇಲ್ಲವೋ.

ಆ ಮಗುವಿಗೆ ಈಗ ನಲವತ್ತರ ಹತ್ತಿರ ಇರಬೇಕು. ಆ ಬೀದಿ ಬಂದರೆ ನಾನು ಈಗಲೂ ಬಳಸು ದಾರಿಯಲ್ಲೇ ಹೋಗುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ