ಬೈಕ್ ನನ್ನದು, ತಪ್ಪು ನಿಮ್ಮದು, ಬಿಲ್ಲು ಯಾರದು?

ಬೆಂಗಳೂರು
9 ಜನವರಿ 2025

ಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ,
ಅಂತರರಾಷ್ಟ್ರೀಯ ಸರಕು ಸಾಗಣೆ ಸಂಸ್ಥೆ, ಬೆಂಗಳೂರು ಶಾಖೆ.

ವಿಷಯ: ಜಪಾನಿನಿಂದ ತರಿಸಿದ ಬೈಕನ್ನು ತಪ್ಪು ಬಂದರಿಗೆ ಕಳುಹಿಸಿ, ಅದರ ಖರ್ಚನ್ನು ನನ್ನಿಂದಲೇ ವಸೂಲಿ ಮಾಡಿದ್ದು ಮತ್ತು ಬೈಕಿಗೆ ಆದ ಹಾನಿ. ₹1,45,700 ವಾಪಸ್ ಕೊಡುವ ಬಗ್ಗೆ.

ಮಾನ್ಯರೇ,

ಡಿಸೆಂಬರ್ 2ರಂದು ನಿಮ್ಮ ಲಾರಿ ಗಿರಿನಗರದ ನಮ್ಮ ಮನೆ ಮುಂದೆ ಬೈಕ್ ಇಳಿಸಿ ಹೋಯಿತು. ಇಳಿಸಿದ ಹುಡುಗರಿಗೆ ನಮ್ಮಮ್ಮ ಕಾಫಿ ಕೊಟ್ಟರು. ಅವರ ಮೇಲೆ ನನ್ನ ದೂರಿಲ್ಲ. ಈ ಇಡೀ ವ್ಯವಹಾರದಲ್ಲಿ ಹೇಳಿದ ದಿನ, ಹೇಳಿದ ಹೊತ್ತಿಗೆ ಬಂದವರು ಅವರು ಮಾತ್ರ. ನನ್ನ ದೂರು ಇರುವುದು ನಿಮ್ಮ ಕಚೇರಿಯ ಮೇಲೆ.

ನಿಮ್ಮಲ್ಲಿ ನನ್ನ ಫೈಲು ಮೂರು ಜನರ ಕೈ ಬದಲಾಗಿದೆ. ಹಾಗಾಗಿ ಮೊದಲಿನಿಂದ ಹೇಳುತ್ತೇನೆ.

2023ರ ಏಪ್ರಿಲ್‌ನಿಂದ 14 ತಿಂಗಳು ಕೆಲಸದ ಮೇಲೆ ಜಪಾನಿನ ಹಮಾಮಾತ್ಸುವಿನಲ್ಲಿದ್ದೆ. ಸುಜುಕಿಯ ಮುಖ್ಯ ಕಚೇರಿ ಇರುವ ಊರು ಅದು. ಹೋಂಡಾ ಹುಟ್ಟಿದ್ದೂ ಅಲ್ಲೇ. ಅಂಥ ಊರಿಗೆ ಹೋಗಿ ಬೈಕ್ ತಗೊಳ್ಳದೆ ಬರುವುದು ಅಂದರೆ ಶ್ರೀರಂಗಪಟ್ಟಣಕ್ಕೆ ಹೋಗಿ ರಂಗನಾಥನನ್ನು ನೋಡದೆ ಬಂದ ಹಾಗೆ. 2021ರ ಆಗಸ್ಟ್‌ನಲ್ಲಿ ತಯಾರಾದ, ಸೆಕೆಂಡ್ ಹ್ಯಾಂಡ್ ಹೋಂಡಾ ಸಿಟಿ125 ಹಂಟರ್ ಕಬ್ ಸಿಕ್ಕಿತು. 3,60,000 ಯೆನ್, ನಮ್ಮ ಲೆಕ್ಕದಲ್ಲಿ ಎರಡು ಲಕ್ಷ ಚಿಲ್ಲರೆ. 124 ಸಿಸಿ, 120 ಕೆಜಿ. ಕ್ಲಚ್ ಲಿವರ್ ಇಲ್ಲ. ಇಪ್ಪತ್ತು ವರ್ಷ ಬಜಾಜ್ ಎಂ80 ಓಡಿಸಿದ ನಮ್ಮಪ್ಪ ವಿಡಿಯೋ ಕಾಲ್‌ನಲ್ಲಿ ಅದನ್ನು ನೋಡಿ, "ಎಡಗೈಗೆ ಕೆಲಸಾನೇ ಇಲ್ವಲ್ಲೋ" ಅಂದರು. ಆವತ್ತೇ ತೀರ್ಮಾನ ಮಾಡಿದೆ, ಇದನ್ನು ಬೆಂಗಳೂರಿಗೆ ತರಬೇಕು ಅಂತ. ಇಂಡಿಯಾದಲ್ಲಿ ಈ ಬೈಕ್ ಮಾರುವುದಿಲ್ಲ.

ಸುಂಕದ ಬಗ್ಗೆ ನನ್ನ ತಕರಾರಿಲ್ಲ. 2024ರಲ್ಲಿ ಬಳಸಿದ ಬೈಕಿಗೆ ಮೂಲ ಸುಂಕವೇ 100% ಇತ್ತು. ಅದರ ಮೇಲೆ ಆಮದಿನ ಜಿಎಸ್‌ಟಿ (ಐಜಿಎಸ್‌ಟಿ) 28%.  ಎಲ್ಲ ಗೊತ್ತಿದ್ದೇ ಕೈ ಹಾಕಿದ್ದೆ. ಹುಚ್ಚು ಅನ್ನಿ, ಒಪ್ಪುತ್ತೇನೆ. ಆದರೆ ಆ ಹುಚ್ಚಿನ ಖರ್ಚು ಎಷ್ಟಾಗುತ್ತದೆ ಅಂತ ಮೊದಲೇ ಲೆಕ್ಕ ಹಾಕಿಟ್ಟಿದ್ದೆ. ನಿಮ್ಮ ತಪ್ಪಿನ ಖರ್ಚನ್ನು ಹಾಕಿರಲಿಲ್ಲ.

2024ರ ಏಪ್ರಿಲ್ 6ರಂದು ನೀವು ಕೊಟ್ಟ ಕೊಟೇಶನ್ ₹1,65,000. ಹಮಾಮಾತ್ಸುವಿನ ಮನೆಯಿಂದ ಗಿರಿನಗರದ ಮನೆವರೆಗೆ. ಪ್ಯಾಕಿಂಗ್, ಹಡಗಿನ ಬಾಡಿಗೆ, ಇನ್ಶೂರೆನ್ಸ್, ಕ್ಲಿಯರೆನ್ಸ್ ಕೆಲಸ ಎಲ್ಲ ಸೇರಿ. ಸುಂಕ ಮಾತ್ರ ಬೇರೆ. ಅದರಲ್ಲಿ ಬಂದರು ಚೆನ್ನೈ ಅಂತ ಇತ್ತು. ನಾನು ಅಷ್ಟರಲ್ಲಿ ಡಿಜಿಎಫ್‌ಟಿ, ಅಂದರೆ ಕೇಂದ್ರದ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ, ಆಮದು ನಿಯಮ ಓದಿದ್ದೆ. ಬಳಸಿದ ವಾಹನ ತಯಾರಾಗಿ ಮೂರು ವರ್ಷ ಮೀರಿರಬಾರದು. ಸ್ಪೀಡೋಮೀಟರ್ ಕಿಲೋಮೀಟರ್‌ನಲ್ಲಿರಬೇಕು. ಹೆಡ್‌ಲೈಟ್ ಎಡಗಡೆ ಸಂಚಾರಕ್ಕೆ ಹೊಂದಬೇಕು. ಹಡಗು ಹತ್ತಿಸುವ ಮುಂಚೆ ತಪಾಸಣೆ ಸರ್ಟಿಫಿಕೇಟ್ ಬೇಕು, ಇಲ್ಲಿ ಇಳಿದ ಮೇಲೆ ಇನ್ನೊಂದು ಪರೀಕ್ಷೆ ಆಗಬೇಕು. ಮತ್ತು ಮುಂಬಯಿ ಬಂದರಿನ ಮೂಲಕ ಮಾತ್ರ ತರಬೇಕು.

ಈ ಕೊನೆಯದನ್ನು ಓದಿದ ದಿನವೇ ನಿಮ್ಮವರಿಗೆ ವಾಟ್ಸಾಪ್ ಮಾಡಿದೆ. "ಚೆನ್ನೈ ಆಗುತ್ತಾ? ಮುಂಬಯಿ ಅಂತ ಇದೆಯಲ್ಲ?" ಬಂದ ಉತ್ತರ: "ಅದು ಕಾರಿಗೆ ಸರ್, ಬೈಕಿಗಲ್ಲ. ನಾವು ದಿನಾ ಮಾಡೋ ಕೆಲಸ, ಟೆನ್ಶನ್ ಬೇಡ."

ಆ ಸ್ಕ್ರೀನ್‌ಶಾಟ್ ಈ ಪತ್ರದ ಜೊತೆಗಿದೆ. ಇಡೀ ಜಗಳ ಈ ಒಂದು ಸಾಲಿನಲ್ಲೇ ಇದೆ. ದಿನಾ ಮಾಡುವವರು ನಿಯಮವನ್ನು ಒಂದು ಸಲವಾದರೂ ಓದಬೇಕಿತ್ತು, ಅಲ್ವಾ? ಆ ನಿಯಮದಲ್ಲಿ ದ್ವಿಚಕ್ರ, ತ್ರಿಚಕ್ರ ವಾಹನಗಳಿಗೆ ಬಿಡುವು ಇರುವುದು ಬಲಗಡೆ ಸ್ಟೀರಿಂಗ್ ವಿಷಯದಲ್ಲಿ. ಬೈಕಿಗೆ ಸ್ಟೀರಿಂಗ್ ಚಕ್ರವೇ ಇಲ್ಲ, ಅದು ಸರಿಯೇ. ಬಂದರಿನ ವಿಷಯದಲ್ಲಿ ಆ ಬಿಡುವು ಕೊಟ್ಟಿಲ್ಲ. ಕಾನೂನು ಓದದ ನನಗೇ ಇದು ಅರ್ಥವಾಯಿತು. ಆದರೂ ನಿಮ್ಮ ಮಾತು ನಂಬಿದೆ. ಗೊತ್ತಿರುವವರು ಅಂತ ತಾನೇ ದುಡ್ಡು ಕೊಟ್ಟಿದ್ದು?

ಮೇ 20ಕ್ಕೆ ಬೈಕ್ ನಿಮ್ಮವರ ಕೈಗೆ ಕೊಟ್ಟೆ. ಅದಕ್ಕೆ ಮುಂಚೆ ನಾನೇ ಹಮಾಮಾತ್ಸು ನಗರ ಕಚೇರಿಗೆ ಹೋಗಿ ನೋಂದಣಿ ರದ್ದು ಮಾಡಿಸಿ, ಪಿಂಕ್ ನಂಬರ್ ಪ್ಲೇಟ್ ವಾಪಸ್ ಕೊಟ್ಟು, ಸರ್ಟಿಫಿಕೇಟ್ ತಂದಿದ್ದೆ. ಅಲ್ಲಿ 125 ಸಿಸಿ ತನಕದ ಬೈಕಿನ ಕಾಗದವೆಲ್ಲ ಊರಿನ ನಗರ ಕಚೇರಿಯಲ್ಲೇ ಆಗುತ್ತದೆ, ಹದಿನೈದು ನಿಮಿಷದ ಕೆಲಸ. ತಪಾಸಣೆಯನ್ನೂ ನಾನೇ ಓಡಾಡಿ ಮಾಡಿಸಿದೆ. "ಅದನ್ನ ಇಲ್ಲಿ ನೋಡ್ಕೊಳ್ಳೋಣ ಸರ್" ಅಂದಿದ್ದ ನಿಮ್ಮ ಮಾತು ಕೇಳಿ ಸುಮ್ನೆ ಕೂತಿದ್ದರೆ ಬೈಕ್ ಇವತ್ತಿಗೂ ಬಂದರಿನಲ್ಲೇ ಇರುತ್ತಿತ್ತು. ಜಪಾನಿ ಸರ್ಟಿಫಿಕೇಟಿಗೆ ಇಂಗ್ಲಿಷ್ ಅನುವಾದ ಬೇಕಾ ಅಂತಲೂ ಕೇಳಿದ್ದೆ. ಬೇಡ ಅಂದಿರಿ.

ಆಮೇಲೆ ಎರಡು ತಿಂಗಳು ಪೆಟ್ಟಿಗೆ ನಗೋಯಾ ಗೋದಾಮಿನಲ್ಲಿ ಕೊಳೆಯಿತು. ಕಂಟೇನರ್ ತುಂಬಲು ಬೇರೆಯವರ ಸರಕು ಸಿಕ್ಕಿಲ್ಲ ಅಂದಿರಿ. ಸರಕು ಹಡಗು ಹತ್ತಿದ್ದಕ್ಕೆ ಕೊಡುವ ರಸೀದಿ, ಬಿಲ್ ಆಫ್ ಲೇಡಿಂಗ್‌ನ ತಾರೀಕು 2024ರ ಜುಲೈ 19. ಆಮದಿನ ಲೆಕ್ಕಕ್ಕೆ ಬರುವುದು ಆ ತಾರೀಕು. ಬೈಕ್ ತಯಾರಾಗಿದ್ದು 2021ರ ಆಗಸ್ಟ್. ಇನ್ನೊಂದು ತಿಂಗಳು ತಳ್ಳಿದ್ದರೆ ಮೂರು ವರ್ಷ ದಾಟಿ, ಬೈಕ್ ಇಂಡಿಯಾಕ್ಕೆ ಬರುವ ಹಾಗೇ ಇರಲಿಲ್ಲ. ಇದನ್ನು ನಾನು ಫೋನಿನಲ್ಲಿ ಹೇಳಿದಾಗ ನಿಮ್ಮವರು "ಹೌದಾ ಸರ್?" ಅಂದರು. ಆವತ್ತು ರಾತ್ರಿ ನಿದ್ದೆ ಬರಲಿಲ್ಲ.

ಆಗಸ್ಟ್ 14ಕ್ಕೆ ಹಡಗು ಚೆನ್ನೈ ಮುಟ್ಟಿತು. ಎರಡು ದಿನ ಬಿಟ್ಟು ನಿಮ್ಮ ಚೆನ್ನೈ ಬ್ರೋಕರ್ ಫೋನ್ ಮಾಡಿ, ಬಳಸಿದ ಬೈಕನ್ನು ಈ ಬಂದರಿನಲ್ಲಿ ಬಿಡಿಸಲು ಆಗುವುದಿಲ್ಲ, ಮುಂಬಯಿಗೇ ಹೋಗಬೇಕು ಅಂದರು. ನಾನು ಏಪ್ರಿಲ್‌ನಲ್ಲಿ ಕೇಳಿದ್ದ ಅದೇ ಮಾತು! ಅನುಮತಿ, ಅರ್ಜಿ, ತಿದ್ದುಪಡಿ ಅಂತ 38 ದಿನ ಪೆಟ್ಟಿಗೆ ಚೆನ್ನೈನ ಕಂಟೇನರ್ ಯಾರ್ಡ್‌ನಲ್ಲಿ ಕೂತಿತು. ಅಲ್ಲಿಂದ ಮುಂಬಯಿ. ಅಲ್ಲಿ ಮತ್ತೆ, ಅನುವಾದ ಇಲ್ಲ ಅಂತ ಬಿಲ್ ಆಫ್ ಎಂಟ್ರಿ (ಕಸ್ಟಮ್ಸ್‌ಗೆ ಕೊಡುವ ಆಮದು ಘೋಷಣೆ) ಹಾಕುವುದು ಎರಡು ದಿನ ತಡವಾಯಿತು. ಮೊದಲ ಮೂರು ದಿನ ದಿನಕ್ಕೆ ₹5,000, ಆಮೇಲೆ ದಿನಕ್ಕೆ ₹10,000 ದಂಡ. ಪುಣ್ಯಕ್ಕೆ ಎರಡೇ ದಿನ.

ಈಗ ಬಿಲ್ಲಿನ ವಿಷಯ. ಮುಂಬಯಿಯಲ್ಲಿ ಬೈಕ್ ಬಿಡಿಸುವ ಹಿಂದಿನ ದಿನ ನೀವು ಹೊಸ ಬಿಲ್ ಕಳುಹಿಸಿದಿರಿ. ಚೆನ್ನೈ ಯಾರ್ಡ್ ಬಾಡಿಗೆ ₹61,000. ಚೆನ್ನೈನಿಂದ ಮುಂಬಯಿಗೆ ಸಾಗಣೆ ₹34,000. ಕಾಗದಪತ್ರ ₹12,500. ತಡದ ದಂಡ ₹10,000. ಒಟ್ಟು ₹1,17,500. ಕಟ್ಟದಿದ್ದರೆ ಬೈಕ್ ಬಿಡಿಸಿಕೊಳ್ಳಲು ಬೇಕಾದ ಡೆಲಿವರಿ ಆರ್ಡರ್ ಕೊಡುವುದಿಲ್ಲ ಅಂದಿರಿ. ಹಾಗೇ ಬಿಟ್ಟರೆ ದಿನದಿನ ಬಾಡಿಗೆ ಏರುತ್ತದೆ. 30 ದಿನದೊಳಗೆ ಬಿಡಿಸದ ಸರಕನ್ನು ಮಾರಲು ಕಸ್ಟಮ್ಸ್ ಕಾನೂನಿನಲ್ಲಿ ಅವಕಾಶವೂ ಇದೆ. ನನ್ನ ಕುತ್ತಿಗೆ ನಿಮ್ಮ ಕೈಯಲ್ಲಿತ್ತು. ಕಟ್ಟಿದೆ. ರಸೀದಿ ಮೇಲೆ "ಆಕ್ಷೇಪಣೆಯೊಂದಿಗೆ" ಅಂತ ಬರೆದೇ ಕಟ್ಟಿದೆ.

ಮುಂಬಯಿಯಲ್ಲಿ ಕಸ್ಟಮ್ಸ್ ತಪಾಸಣೆಗೆ ಪೆಟ್ಟಿಗೆ ಬಿಚ್ಚಿದಾಗ ನಾನು ಪಕ್ಕದಲ್ಲೇ ಇದ್ದೆ. ಮೊದಲು ಬಂದಿದ್ದು ಪೆಟ್ರೋಲ್ ವಾಸನೆ. ಟ್ಯಾಂಕ್ ಖಾಲಿ ಮಾಡಿ ಬ್ಯಾಟರಿ ವೈರ್ ಬಿಚ್ಚಿದ್ದೇವೆ ಅಂತ ನಿಮ್ಮ ಪ್ಯಾಕಿಂಗ್ ಪಟ್ಟಿಯಲ್ಲಿ ಟಿಕ್ ಹಾಕಿದೆ. ಎರಡೂ ಮಾಡಿರಲಿಲ್ಲ. ಬೆಂಕಿ ಹತ್ತಬಹುದಾದ ಸರಕನ್ನು ಸುಳ್ಳು ಟಿಕ್ ಹಾಕಿ ಹಡಗು ಹತ್ತಿಸಿದ್ದೀರಿ. ಇದು ನನ್ನೊಬ್ಬನ ಬೈಕಿನ ಪ್ರಶ್ನೆಯೂ ಅಲ್ಲ. ಬ್ಯಾಟರಿ ಸತ್ತಿತ್ತು. ಹಿಂದಿನ ಕ್ಯಾರಿಯರ್ ಬಾಗಿತ್ತು. ಮುಂದಿನ ಫೋರ್ಕ್ ಎರಡೂ ಕಡೆ ಎಣ್ಣೆ ಸೋರುತ್ತಿತ್ತು. ಪುಣೆಯ ವಾಹನ ಪರೀಕ್ಷಾ ಸಂಸ್ಥೆ ಎಆರ್‌ಎಐನ ಪರೀಕ್ಷೆಗೆ ಬೈಕ್ ಸ್ಟಾರ್ಟ್ ಆಗಲೇಬೇಕಿತ್ತು, ಅಲ್ಲೇ ಹೊಸ ಬ್ಯಾಟರಿ ಕೊಂಡೆ.

ಊರಿಗೆ ಬಂದ ಮೇಲೆ ವಿಲ್ಸನ್ ಗಾರ್ಡನ್‌ನ ನಮ್ಮ ಮೆಕ್ಯಾನಿಕ್ ಫೋಟೋ ನೋಡಿದರು. "ಸಾರ್, ಹ್ಯಾಂಡಲ್‌ಗೆ ಪಟ್ಟಿ ಹಾಕಿ ಸಸ್ಪೆನ್ಷನ್ ಪೂರ್ತಿ ಕೆಳಗೆ ಎಳೆದು ಕಟ್ಟವ್ರೆ. ಒಂದ್ ದಿನಕ್ಕೆ ಪರವಾಗಿಲ್ಲ. ಐದ್ ತಿಂಗಳು ಹಂಗೇ ಇದ್ರೆ ಆಯಿಲ್ ಸೀಲ್ ಉಳೀತದಾ?" ಸೀಲ್ ಇಲ್ಲಿ ಸಿಗಲಿಲ್ಲ, ಥಾಯ್ಲೆಂಡ್‌ನಿಂದ ತರಿಸಿದೆವು. ಸೀಲ್ ಮತ್ತು ಕೂಲಿ ₹7,200, ಕ್ಯಾರಿಯರ್ ₹6,500, ಬ್ಯಾಟರಿ ₹5,000. ಒಟ್ಟು ₹18,700.

ಇನ್ಶೂರೆನ್ಸ್ ಕೇಳಿದರೆ ಇನ್ನೊಂದು ಕತೆ. ಕೊಟೇಶನ್‌ನಲ್ಲಿ "ಫುಲ್ ಕವರ್" ಅಂತ ₹9,500 ಹಾಕಿದ್ದಿರಿ. ಪಾಲಿಸಿ ಕಾಗದ ತರಿಸಿ ನೋಡಿದರೆ ನೀವು ತೆಗೆದುಕೊಂಡಿದ್ದು ಕಾರ್ಗೋ ಕ್ಲಾಝ್ 'ಸಿ', ಅಂದರೆ ಸರಕು ವಿಮೆಯ 'ಸಿ' ಷರತ್ತು. ಹಡಗು ಮುಳುಗಿದರೆ, ಬೆಂಕಿ ಬಿದ್ದರೆ, ಡಿಕ್ಕಿಯಾದರೆ, ಇಂಥ ದೊಡ್ಡ ಅನಾಹುತಕ್ಕೆ ಮಾತ್ರ ಅದು. ಕ್ಯಾರಿಯರ್ ಬಾಗಿದ್ದಕ್ಕೆ, ಕಳ್ಳತನಕ್ಕೆ ಬರುವುದಿಲ್ಲ. ಜಾಸ್ತಿ ಅಪಾಯಗಳಿಗೆ ರಕ್ಷಣೆ ಕೊಡುವುದು ಕ್ಲಾಝ್ 'ಎ'. ಇದು ನಿಮಗೆ ಗೊತ್ತಿರಲಿಲ್ಲ ಅಂತ ಮಾತ್ರ ಹೇಳಬೇಡಿ.

ಅಕ್ಟೋಬರ್ 11ಕ್ಕೆ ಆಯುಧಪೂಜೆ ಇತ್ತು. ದಸರೆ ಒಳಗೆ ಬೈಕ್ ಮನೆಯಲ್ಲಿರುತ್ತೆ ಅಂತ ನಿಮ್ಮ ಕಚೇರಿಯವರು ಆಗಸ್ಟ್‌ನಲ್ಲಿ ಹೇಳಿದ್ದನ್ನು ಅಪ್ಪ ನಂಬಿದ್ದರು. ಗಾಂಧಿ ಬಜಾರಿನಿಂದ ಬೂದುಗುಂಬಳಕಾಯಿ, ಚೆಂಡುಹೂವು, ನಿಂಬೆಹಣ್ಣು ತಂದಿಟ್ಟಿದ್ದರು. ಕೊನೆಗೆ ಹಾರ ಹಳೇ ಎಂ80ಗೇ ಬಿತ್ತು. ಇದಕ್ಕೆ ನಾನು ದುಡ್ಡು ಕೇಳುತ್ತಿಲ್ಲ. ಆದರೆ ಆವತ್ತು ನಿಮ್ಮ ಕಚೇರಿಗೆ ಐದು ಸಲ ಫೋನ್ ಮಾಡಿದೆ, ಒಬ್ಬರೂ ಎತ್ತಲಿಲ್ಲ. ರಜೆ ಇತ್ತು, ಸರಿ. 14ನೇ ತಾರೀಕೂ ಎತ್ತಲಿಲ್ಲವಲ್ಲ?

ನಾನು ಕೇಳುವುದು ಇಷ್ಟು. ಹೆಚ್ಚುವರಿ ಬಿಲ್ಲಿನ ₹1,17,500, ರಿಪೇರಿಯ ₹18,700, ಸುಳ್ಳು ಇನ್ಶೂರೆನ್ಸಿನ ₹9,500, ಒಟ್ಟು ₹1,45,700 ವಾಪಸ್ ಕೊಡಿ. ಜೊತೆಗೆ ಮೂಲ ಬಿಲ್ಲನ್ನು ಬಿಡಿಸಿ ಕೊಡಿ: ಹಡಗಿನ ಬಾಡಿಗೆ ಎಷ್ಟು, ಇಲ್ಲಿನ ಲಾರಿ ಬಾಡಿಗೆ ಎಷ್ಟು, ನಿಮ್ಮ ಕಮಿಷನ್ ಎಷ್ಟು ಅಂತ. ಸುಂಕ ಹಾಕುವುದು ಬೈಕಿನ ಬೆಲೆಗೆ ಹಡಗಿನ ಬಾಡಿಗೆ, ಇನ್ಶೂರೆನ್ಸ್ ಸೇರಿಸಿದ ಮೊತ್ತದ ಮೇಲೆ. ಒಳನಾಡಿನ ಲಾರಿ ಬಾಡಿಗೆಯನ್ನೂ ಅದರೊಳಗೆ ಸೇರಿಸಿದ್ದರೆ ನಾನು ಸುಂಕವನ್ನೂ ಜಾಸ್ತಿ ಕಟ್ಟಿದ್ದೇನೆ ಅಂತ ಅರ್ಥ. ಮೂರು ಸಲ ಇಮೇಲ್‌ನಲ್ಲಿ ಕೇಳಿದ್ದೇನೆ. ಮೂರು ಸಲವೂ ಅದೇ ಒಂದು ಸಾಲಿನ ಬಿಲ್ ವಾಪಸ್ ಬಂದಿದೆ.

ಡಿಸೆಂಬರ್ 12ರ ನಿಮ್ಮ ಇಮೇಲ್‌ನಲ್ಲಿ "ಸೌಹಾರ್ದದ ದೃಷ್ಟಿಯಿಂದ" ₹10,000 ಕೊಡುವ ಮಾತಿದೆ. ಬೇಡ. ಸೌಹಾರ್ದ ನಮ್ಮಮ್ಮ ಕಾಫಿ ಕೊಟ್ಟಾಗಲೇ ಮುಗಿಯಿತು. ಇದು ಲೆಕ್ಕ.

ಜನವರಿ 24ರ ಒಳಗೆ ಲಿಖಿತ ಉತ್ತರ ಮತ್ತು ಹಣ ಬರಬೇಕು. ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೆ ಹೋಗುತ್ತೇನೆ. ನಾನಿರುವ ಊರಿನಲ್ಲೇ ದೂರು ಹಾಕಬಹುದು, ಐದು ಲಕ್ಷದವರೆಗೆ ಶುಲ್ಕವೂ ಇಲ್ಲ. ವಾಟ್ಸಾಪ್ ಉತ್ತರ, ಎರಡೂ ಬಿಲ್ಲು, ಪಾಲಿಸಿ, ಪ್ಯಾಕಿಂಗ್ ಪಟ್ಟಿ, ಪೆಟ್ಟಿಗೆ ಬಿಚ್ಚಿದಾಗಿನ 23 ಫೋಟೋ, ಮೆಕ್ಯಾನಿಕ್ ಬಿಲ್ಲು ಎಲ್ಲದರ ಪ್ರತಿ ಜೊತೆಗಿಟ್ಟಿದ್ದೇನೆ. ಮೂಲ ಪ್ರತಿಗಳು ನನ್ನ ಹತ್ತಿರ ಭದ್ರವಾಗಿವೆ.

ಇಂತಿ,
ನಿಮ್ಮ ಗ್ರಾಹಕ,
ಗಿರಿನಗರ, ಬೆಂಗಳೂರು

ಮರೆತಿದ್ದೆ: ಬಲಗಡೆ ಕನ್ನಡಿ ಪೆಟ್ಟಿಗೆಯಲ್ಲಿ ಇರಲಿಲ್ಲ. ಅದನ್ನು ಮೇಲಿನ ಲೆಕ್ಕದಲ್ಲಿ ಸೇರಿಸಿಲ್ಲ. ನಿಮ್ಮ ಗೋದಾಮಿನಲ್ಲಿ ಎಲ್ಲಾದರೂ ಬಿದ್ದಿದ್ದರೆ ಕೊರಿಯರ್ ಮಾಡಿ. ಬೆಂಗಳೂರಿಗೆ, ನೇರವಾಗಿ.